ವೇಗವನ್ನು ಆಳುವ ರಸಾಯನ



ಜೀವವಿಜ್ಞಾನ ಮತ್ತು ಜೀವರಸಾಯನ ವಿಜ್ಞಾನಕ್ಕೆ ಈಗಷ್ಟೇ ಕಾಲಿಟ್ಟಿರುವ ಪದವಿ ತರಗತಿಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉಪನ್ಯಾಸವನ್ನು ಸಿದ್ಧಪಡಿಸಿದ್ದೇನೆ. ವಿಷಯದ ವ್ಯಾಪ್ತಿ ಬಹಳ ದೊಡ್ಡದು. ಒಂದು ಗಂಟೆಯಲ್ಲಿ ಅದರ ಎಲ್ಲ ಅಧ್ಯಾಯಗಳನ್ನು ಮುಟ್ಟಿ ಬರುವ ಪ್ರಯತ್ನದಿಂದ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ಕಿಣ್ವಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ. ಕಿಣ್ವವೂ ರಾಸಾಯನಿಕ ವಸ್ತುವೇ ಎಂಬುದು ಹೇಗೆ ಸಾಬೀತಾಯಿತು ಎಂಬುದನ್ನು ಮೊದಲು ನೋಡೋಣ. ಆಮೇಲೆ ಅದು ಮಾಡುವ ಕೆಲಸವೇನು ಎಂಬುದನ್ನು, ಅದಾದ ಮೇಲೆ ಆ ಕೆಲಸವನ್ನು ಜೀವಕೋಶ ಹೇಗೆ ಹದ್ದುಬಸ್ತಿನಲ್ಲಿಡುತ್ತದೆ ಎಂಬುದನ್ನು ವಿವರಿಸುತ್ತೇನೆ. ಕೊನೆಯಲ್ಲಿ ನನ್ನ ವಾದಕ್ಕೆ ಎದುರಾಗಬಹುದಾದ ಆಕ್ಷೇಪಗಳಿಗೆ ಉತ್ತರ ಕೊಡುತ್ತೇನೆ.

ಒಂದು ಸಮಸ್ಯೆಯಿಂದ ಆರಂಭಿಸೋಣ. ಡಬ್ಬಿಯೊಂದರಲ್ಲಿ ಗ್ಲೂಕೋಸ್ ಪುಡಿ ಇದೆ. ಅದರ ಸುತ್ತ ಗಾಳಿ, ಗಾಳಿಯಲ್ಲಿ ಆಮ್ಲಜನಕ. ಇವೆರಡೂ ಕೂಡಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುವುದಕ್ಕೆ ಶಕ್ತಿಯ ಲೆಕ್ಕದಲ್ಲಿ ಯಾವ ಅಡ್ಡಿಯೂ ಇಲ್ಲ. 180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 2800 ಕಿಲೋಜೂಲ್ ಶಾಖ ಹೊರಬರುತ್ತದೆ. ಆದರೂ ಡಬ್ಬಿಯೊಳಗಿನ ಗ್ಲೂಕೋಸ್ ವರ್ಷಗಟ್ಟಲೆ ಇದ್ದ ಹಾಗೆಯೇ ಇರುತ್ತದೆ. ಅದನ್ನೇ ನೀರಿನಲ್ಲಿ ಕದಡಿ ಕುಡಿದರೆ, 37 ಡಿಗ್ರಿಯ ಮೈಯೊಳಗೆ, ಬೆಂಕಿಯಿಲ್ಲದೆ ಹೊಗೆಯಿಲ್ಲದೆ, ಕೆಲವೇ ಗಂಟೆಗಳಲ್ಲಿ ಅದೇ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಆರಂಭದ ವಸ್ತುಗಳು ಅವೇ, ಕೊನೆಯ ವಸ್ತುಗಳೂ ಅವೇ, ಒಟ್ಟು ಶಕ್ತಿಯೂ ಅಷ್ಟೇ. ಬದಲಾದದ್ದು ವೇಗ. ಈ ಉಪನ್ಯಾಸದ ವಾದವೂ ಇಷ್ಟೇ: ರಸಾಯನದ ದೃಷ್ಟಿಯಿಂದ ನೋಡಿದರೆ ಜೀವಿಯ ವಿಶೇಷವಿರುವುದು ಯಾವುದೋ ಅಪೂರ್ವ ವಸ್ತುವಿನಲ್ಲಿಯೂ ಅಲ್ಲ, ಯಾವುದೋ ಅಗೋಚರ ಶಕ್ತಿಯಲ್ಲಿಯೂ ಅಲ್ಲ. ನಡೆಯಬಹುದಾದ ಸಾವಿರಾರು ಕ್ರಿಯೆಗಳಲ್ಲಿ ಯಾವುದು ನಡೆಯಬೇಕು, ಯಾವಾಗ, ಎಷ್ಟು ಬೇಗ ಎಂಬುದರ ಮೇಲೆ ಅದಕ್ಕಿರುವ ಹಿಡಿತದಲ್ಲಿ ಆ ವಿಶೇಷವಿದೆ.

ಮೊದಲಿಗೆ ಇತಿಹಾಸ. ಜೀವಿಗಳೊಳಗಿನ ರಸಾಯನಕ್ಕೆ ಬೇರೆಯದೇ ನಿಯಮಗಳಿವೆ, ಅದನ್ನು ಪ್ರಾಣಶಕ್ತಿಯೊಂದು ನಡೆಸುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ವಿಜ್ಞಾನಿಗಳಲ್ಲೂ ಇತ್ತು. 1828ರಲ್ಲಿ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯಾ ತಯಾರಿಸಿದ ಕೂಡಲೇ ಆ ನಂಬಿಕೆ ಸತ್ತುಹೋಯಿತೆಂದು ಪಠ್ಯಪುಸ್ತಕಗಳು ಬರೆಯುವುದುಂಟು. ಇತಿಹಾಸ ಅಷ್ಟು ಸರಳವಾಗಿ ಸಾಗಲಿಲ್ಲ. ಜೀವಿಗಳು ತಯಾರಿಸುವ ಪದಾರ್ಥವೊಂದನ್ನು ಪ್ರಯೋಗಾಲಯದಲ್ಲಿ ತಯಾರಿಸಬಹುದು ಎಂದಷ್ಟೇ ವೋಲರ್ ತೋರಿಸಿದ. ಜೀವಿಗಳು ಅದನ್ನು ತಯಾರಿಸುವ ರೀತಿ ನಿಗೂಢವಾಗಿಯೇ ಉಳಿಯಿತು. 1833ರಲ್ಲಿ ಪಾಯೆನ್ ಮತ್ತು ಪೆರ್ಸೊ ಎಂಬ ಫ್ರೆಂಚ್ ರಸಾಯನಜ್ಞರು ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ಪದಾರ್ಥವೊಂದನ್ನು ಬೇರ್ಪಡಿಸಿದರು. ಎರಡು ವರ್ಷಗಳ ನಂತರ ಬರ್ಜೀಲಿಯಸ್, ತಾವು ವ್ಯಯವಾಗದೆ ಕ್ರಿಯೆಗೆ ವೇಗ ಕೊಡುವ ಪದಾರ್ಥಗಳ ಕಲ್ಪನೆಯನ್ನು ಮುಂದಿಟ್ಟ. ಆದರೆ ಸಕ್ಕರೆ ಮದ್ಯವಾಗುವ ಹುದುಗುವಿಕೆಯ ವಿಷಯದಲ್ಲಿ ಲೂಯಿ ಪಾಸ್ಟರ್ ಗಟ್ಟಿಯಾಗಿ ನಿಂತಿದ್ದ: ಬದುಕಿರುವ ಯೀಸ್ಟ್ ಇಲ್ಲದೆ ಹುದುಗುವಿಕೆ ಇಲ್ಲ. ಅವನ ಪ್ರಯೋಗಗಳು ಅಷ್ಟು ಕರಾರುವಾಕ್ಕಾಗಿದ್ದವು; ಎದುರಾಡಿದ ಜರ್ಮನ್ ರಸಾಯನಜ್ಞ ಲೀಬಿಗ್‌ನ ಬಳಿ ಅವಕ್ಕೆ ಸರಿಸಮವಾದ ಪುರಾವೆ ಇರಲಿಲ್ಲ.

ಈ ವಾದ ಬಗೆಹರಿದದ್ದು ಎಡ್ವರ್ಡ್ ಬುಕ್ನರ್ ಎಂಬ ಜರ್ಮನ್ ರಸಾಯನಜ್ಞನ ಪ್ರಯೋಗದಿಂದ, ಅದೂ ಅವನು ಅದನ್ನು ಬಗೆಹರಿಸಲು ಹೊರಟಿರದಾಗ. ವೈದ್ಯಕೀಯ ಉಪಯೋಗಕ್ಕಾಗಿ ಯೀಸ್ಟಿನೊಳಗಿನ ರಸ ತೆಗೆಯುವ ಕೆಲಸ ನಡೆದಿತ್ತು. ಯೀಸ್ಟಿನ ಕೋಶಗಳು ಸೂಕ್ಷ್ಮ, ಅವುಗಳ ಗೋಡೆ ಗಟ್ಟಿ. ಆದ್ದರಿಂದ ಮರಳು ಮತ್ತು ಡಯಾಟಮ್ ಮಣ್ಣನ್ನು ಬೆರೆಸಿ ಒರಳಿನಲ್ಲಿ ಅರೆದರು; ಮುದ್ದೆಯಾದದ್ದನ್ನು ಬಟ್ಟೆಯಲ್ಲಿ ಕಟ್ಟಿ ಭಾರೀ ಒತ್ತಡದಲ್ಲಿ ಹಿಂಡಿದರು. ಬಂದ ರಸ ಕೆಡದಂತೆ ಇಡಬೇಕಿತ್ತು. ಹಣ್ಣಿನ ಪಾಕದಲ್ಲಿ ಮಾಡುವ ಹಾಗೆ ಅದಕ್ಕೆ ಯಥೇಚ್ಛ ಸಕ್ಕರೆ ಸೇರಿಸಿದರು. ಸ್ವಲ್ಪ ಹೊತ್ತಿನಲ್ಲೇ ರಸದಿಂದ ಗುಳ್ಳೆಗಳೇಳತೊಡಗಿದವು. ಗುಳ್ಳೆಗಳಲ್ಲಿದ್ದದ್ದು ಇಂಗಾಲದ ಡೈಆಕ್ಸೈಡ್, ದ್ರವದಲ್ಲಿ ಉಂಟಾಗುತ್ತಿದ್ದದ್ದು ಮದ್ಯ. ಬದುಕಿರುವ ಒಂದು ಕೋಶವೂ ಇಲ್ಲದ ರಸದಲ್ಲಿ ಹುದುಗುವಿಕೆ ನಡೆದಿತ್ತು. ಬುಕ್ನರ್ ಇದನ್ನು ಪ್ರಕಟಿಸಿದ್ದು 1897ರಲ್ಲಿ. ಪಾಸ್ಟರ್ ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು. ಬುಕ್ನರನಿಗೆ 1907ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪಾಸ್ಟರನದು ಮೂಢನಂಬಿಕೆಯಾಗಿತ್ತೆಂದು ಇದರಿಂದ ತೀರ್ಮಾನಿಸಬಾರದು. ತನ್ನ ಕಾಲದ ಪುರಾವೆಯನ್ನು ಅವನು ಸರಿಯಾಗಿಯೇ ಓದಿದ್ದ. ಆ ಪುರಾವೆಯ ಆಚೆಗೆ ಹೋಗಲು ಬೇಕಾಗಿದ್ದದ್ದು ಕೋಶದ ಗೋಡೆಯನ್ನು ಒಡೆಯುವ ಒಂದು ವಿಧಾನ, ಅಷ್ಟೇ.

ಹುದುಗುವಿಕೆಯನ್ನು ನಡೆಸುವ ಕಿಣ್ವ ಎಂಬುದೇನೋ ಇದೆ ಎಂದಾಯಿತು. ಅದು ಎಂಥ ವಸ್ತು? ಇದಕ್ಕೆ ಉತ್ತರ ಕೊಟ್ಟವನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್. ಹದಿಹರೆಯದಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈ ಕಳೆದುಕೊಂಡಿದ್ದ ಅವನು ಪ್ರಯೋಗಾಲಯದ ಕೆಲಸವನ್ನೆಲ್ಲ ಒಂದೇ ಕೈಯಲ್ಲಿ ಮಾಡುತ್ತಿದ್ದ. ಯೂರಿಯಾವನ್ನು ಒಡೆಯುವ ಯೂರಿಯೇಸ್ ಎಂಬ ಕಿಣ್ವದ ಬೆನ್ನು ಹತ್ತಿ, ಅವರೆಯ ಕುಟುಂಬಕ್ಕೆ ಸೇರಿದ ಜ್ಯಾಕ್ ಬೀನ್ ಎಂಬ ಕಾಳಿನ ಹಿಟ್ಟಿನ ಮೇಲೆ ಸುಮಾರು ಒಂಬತ್ತು ವರ್ಷ ದುಡಿದ. 1926ರಲ್ಲಿ ಆ ಹಿಟ್ಟನ್ನು ಅಸಿಟೋನ್ ಬೆರೆತ ನೀರಿನಲ್ಲಿ ಕದಡಿ, ಸೋಸಿ, ತಂಪಿನಲ್ಲಿಟ್ಟಾಗ ಸೂಕ್ಷ್ಮದರ್ಶಕದಡಿ ಸಣ್ಣ ಹರಳುಗಳು ಕಂಡವು. ಹರಳುಗಳನ್ನು ಕರಗಿಸಿದರೆ ಆ ದ್ರಾವಣ ಯೂರಿಯಾವನ್ನು ಅತಿ ಚುರುಕಾಗಿ ಒಡೆಯಿತು. ಪರೀಕ್ಷಿಸಿದರೆ ಅದು ಪ್ರೋಟೀನು. ಜರ್ಮನಿಯ ವಿಲ್‌ಸ್ಟೇಟರ್‌ನಂಥ ಘಟಾನುಘಟಿಗಳು ಇದನ್ನು ಒಪ್ಪಲಿಲ್ಲ. ಪ್ರೋಟೀನು ಕೇವಲ ಆಧಾರ, ನಿಜವಾದ ಕಿಣ್ವ ಅದಕ್ಕೆ ಅಂಟಿಕೊಂಡಿರುವ ಬೇರೆ ಯಾವುದೋ ಸಣ್ಣ ಅಣು ಎಂದು ಅವರು ವಾದಿಸಿದರು. 1930ರಲ್ಲಿ ಜಾನ್ ನಾರ್ತ್ರಪ್ ಜಠರದ ಪೆಪ್ಸಿನ್ ಕಿಣ್ವವನ್ನೂ ಹರಳಾಗಿಸಿದ ಮೇಲೆ ವಿರೋಧ ಕರಗತೊಡಗಿತು. 1946ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಯೂರಿಯೇಸ್ ನಮ್ಮ ರೈತರಿಗೆ ಹೆಸರಿನಿಂದ ಗೊತ್ತಿಲ್ಲದಿದ್ದರೂ ಕೆಲಸದಿಂದ ಗೊತ್ತು. ಬರೀ ನೀರಿನಲ್ಲಿ ಯೂರಿಯಾ ತಾನಾಗಿ ಒಡೆಯಲು ದಶಕಗಳೇ ಬೇಕು. ಒದ್ದೆ ಹೊಲಕ್ಕೆ ಎರಚಿದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಾ ವಾಸನೆ ಹೊರಡಿಸುತ್ತದೆ. ಅದು ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಮಾಡುವ ಕೆಲಸ.

ಇತಿಹಾಸದಿಂದ ಈಗ ಎರಡನೆಯ ಭಾಗಕ್ಕೆ ಬರೋಣ: ಕಿಣ್ವ ಮಾಡುವ ಕೆಲಸವೇನು? ಹೊಸ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಂದು ಕ್ರಿಯೆ ಯಾವ ದಿಕ್ಕಿನಲ್ಲಿ ಸಾಗುತ್ತದೆ, ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಶಕ್ತಿಯ ಲೆಕ್ಕ. ಎಷ್ಟು ಬೇಗ ಸಾಗುತ್ತದೆ ಎಂಬುದು ಪೂರ್ತಿ ಬೇರೆ ಪ್ರಶ್ನೆ. ಒಂದು ಹೋಲಿಕೆ ನೋಡಿ: ಮಂಗಳೂರು ಸಮುದ್ರಮಟ್ಟದಲ್ಲಿದೆ, ಸಕಲೇಶಪುರ ಮೇಲಿದೆ. ನಡುವಿನ ಘಟ್ಟಕ್ಕೆ ಸುರಂಗ ಕೊರೆದರೂ ಎರಡು ಊರುಗಳ ಎತ್ತರದ ಅಂತರ ಒಂದಡಿಯೂ ಬದಲಾಗದು. ದಾಟಬೇಕಾದ ದಿಬ್ಬ ಮಾತ್ರ ತಗ್ಗುತ್ತದೆ, ಅದೂ ಹೋಗುವವರಿಗೂ ಬರುವವರಿಗೂ ಒಂದೇ ಸಮನಾಗಿ. ಕಿಣ್ವ ಮಾಡುವುದು ಇದನ್ನೇ. ಅದು ಸಕ್ರಿಯಣ ಶಕ್ತಿಯನ್ನು ತಗ್ಗಿಸುತ್ತದೆ, ಸಮತೋಲನವನ್ನು ಮುಟ್ಟುವುದಿಲ್ಲ. ಆಗಲಾರದ ಕ್ರಿಯೆಯನ್ನು ಅದು ಆಗಿಸಲಾರದು. ಆಗಬಲ್ಲ, ಆದರೆ ಯುಗಗಳನ್ನು ಬೇಡುವ ಕ್ರಿಯೆಯನ್ನು ಕ್ಷಣದಲ್ಲಿ ಆಗಿಸಬಲ್ಲದು.

ಯುಗ ಎಂಬುದು ಉತ್ಪ್ರೇಕ್ಷೆಯಲ್ಲ. ಪ್ರೋಟೀನಿನ ಎರಡು ಅಮೈನೋ ಆಮ್ಲಗಳನ್ನು ಬೆಸೆಯುವ ಕೊಂಡಿ 25 ಡಿಗ್ರಿಯ ಶುದ್ಧ ನೀರಿನಲ್ಲಿ ತಾನಾಗಿ ಕಡಿಯಬೇಕೆಂದರೆ, ಇರುವ ಕೊಂಡಿಗಳಲ್ಲಿ ಅರ್ಧದಷ್ಟು ಕಡಿಯಲು ನೂರಾರು ವರ್ಷ ಹಿಡಿಯುತ್ತದೆ. ನಾವು ಉಂಡ ಬೇಳೆಯ ಪ್ರೋಟೀನನ್ನು ನಮ್ಮ ಕರುಳು ಕೆಲವು ಗಂಟೆಗಳಲ್ಲಿ ಕಡಿದು ಮುಗಿಸುತ್ತದೆ. ಡಿಎನ್‌ಎ ಮತ್ತು ಆರ್‌ಎನ್‌ಎಗಳ ಬಿಡಿಭಾಗಗಳ ತಯಾರಿಕೆಯಲ್ಲಿ ಒಂದು ಮೆಟ್ಟಿಲಿದೆ. ಅಲ್ಲೊಂದು ಅಣುವಿನಿಂದ ಇಂಗಾಲದ ಡೈಆಕ್ಸೈಡ್ ಕಳಚಬೇಕು. ರಿಚರ್ಡ್ ವುಲ್ಫೆಂಡನ್ ಮತ್ತು ಅನ್ನಾ ರಾಡ್ಜಿಕಾ 1995ರಲ್ಲಿ ಲೆಕ್ಕ ಹಾಕಿ ತೋರಿಸಿದ ಹಾಗೆ, ಕಿಣ್ವವಿಲ್ಲದಿದ್ದರೆ ಈ ಕ್ರಿಯೆ ಅರ್ಧ ಮುಗಿಯಲು ಬೇಕಾಗುವ ಕಾಲ 7 ಕೋಟಿ 80 ಲಕ್ಷ ವರ್ಷ. ಕಿಣ್ವದ ಹಿಡಿತಕ್ಕೆ ಸಿಕ್ಕ ಅಣುವಿಗೆ ಅದು ಸೆಕೆಂಡಿನ ಸಣ್ಣದೊಂದು ಭಾಗದ ಕೆಲಸ. ನಮ್ಮ ಜೀವಕೋಶಗಳಿಗೆ ಈ ಒಂದು ಕಿಣ್ವ ಇಲ್ಲದಿದ್ದರೆ ಉಳಿದೆಲ್ಲವೂ ಸರಿಯಾಗಿದ್ದೂ ಆ ಮೆಟ್ಟಿಲಲ್ಲೇ ಎಲ್ಲವೂ ನಿಂತುಹೋಗುತ್ತಿತ್ತು.

ಇಷ್ಟು ನಿಧಾನದ ಕ್ರಿಯೆಗಳಿಗೆ ಕಿಣ್ವ ಬೇಕು, ತಾವಾಗಿಯೇ ಬೇಗ ನಡೆಯುವ ಕ್ರಿಯೆಗಳಿಗೆ ಏಕೆ ಎಂದು ಕೇಳಬಹುದು. ಅದಕ್ಕೆ ನಮ್ಮ ಉಸಿರಾಟವೇ ಉತ್ತರ. ಅಂಗಾಂಶಗಳಿಂದ ಶ್ವಾಸಕೋಶಕ್ಕೆ ಹೋಗುವ ಇಂಗಾಲದ ಡೈಆಕ್ಸೈಡಿನ ಬಹುಭಾಗ ರಕ್ತದಲ್ಲಿ ಬೈಕಾರ್ಬೊನೇಟ್ ರೂಪದಲ್ಲಿ ಸಾಗುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನೊಂದಿಗೆ ಕೂಡುವ ಕ್ರಿಯೆ ತಾನಾಗಿಯೇ ನಡೆಯುತ್ತದೆ, ಹಲವು ಸೆಕೆಂಡುಗಳಲ್ಲಿ. ಪರೀಕ್ಷಾನಳಿಗೆಯಲ್ಲಿ ಅದು ಬಹಳ ಬೇಗ ಎನಿಸಬಹುದು. ಆದರೆ ಶ್ವಾಸಕೋಶದ ಲೋಮನಾಳದಲ್ಲಿ ಒಂದು ರಕ್ತಕಣ ಇರುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಅಷ್ಟರೊಳಗೆ ಬೈಕಾರ್ಬೊನೇಟ್ ಮತ್ತೆ ಅನಿಲವಾಗಿ ಹೊರಬೀಳದಿದ್ದರೆ ರಕ್ತ ಅದನ್ನು ಹೊತ್ತುಕೊಂಡೇ ಮರಳುತ್ತದೆ. ಈ ಸಮಯದ ಲೆಕ್ಕ ಕೂಡದಿದ್ದುದರಿಂದಲೇ ಕೆಂಪು ರಕ್ತಕಣದಲ್ಲಿ ಕಿಣ್ವವೊಂದು ಇರಲೇಬೇಕು ಎಂಬ ತರ್ಕ ಹುಟ್ಟಿತು. 1930ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್‌ನ ಮೆಲ್ಡ್ರಮ್ ಮತ್ತು ರಫ್ಟನ್ ಅದನ್ನು ಬೇರ್ಪಡಿಸಿದರು. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಈ ಕಿಣ್ವದ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಪರಿವರ್ತಿಸಬಲ್ಲದು. ವೇಗ ಸಾಕೋ ಸಾಲದೋ ಎಂಬುದನ್ನು ತೀರ್ಮಾನಿಸುವುದು ಪರೀಕ್ಷಾನಳಿಗೆಯಲ್ಲ, ಜೀವಿಯ ಅಗತ್ಯ.

ಕಿಣ್ವದ ಕೆಲಸವನ್ನು ಕಣ್ಣಾರೆ ನೋಡಲು ದೊಡ್ಡ ಉಪಕರಣಗಳು ಬೇಕಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ ಹಿಟ್ಟು ಮಾಡಿಕೊಳ್ಳಿ. ಸಾದಾ ರಾಗಿ ಹಿಟ್ಟಿನಿಂದ ಚಮಚ ನಿಲ್ಲುವಷ್ಟು ಗಟ್ಟಿ ಗಂಜಿ ಕಾಯಿಸಿ ಎರಡು ಬಟ್ಟಲಿಗೆ ಹಾಕಿ, ಮುಟ್ಟಿದರೆ ಬಿಸಿ ತಾಕುವಷ್ಟು ಆರಲು ಬಿಡಿ. ಒಂದಕ್ಕೆ ಮೊಳಕೆ ರಾಗಿ ಹಿಟ್ಟನ್ನು ಒಂದು ಚಮಚ ಕಲಸಿ. ಇನ್ನೊಂದಕ್ಕೆ ಅದೇ ಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ ಹಾಕಿ. ಎರಡನೆಯ ಬಟ್ಟಲಿನ ಗಂಜಿ ಇದ್ದ ಹಾಗೆಯೇ ಇರುತ್ತದೆ. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಸಡಿಲಗೊಂಡು ಚಮಚದಿಂದ ಧಾರೆಯಾಗಿ ಇಳಿಯತೊಡಗುತ್ತದೆ, ನಾಲಿಗೆಗೆ ತುಸು ಸಿಹಿಯಾಗುತ್ತದೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಕಿಣ್ವ ಪಿಷ್ಟದ ಉದ್ದ ಸರಪಳಿಗಳನ್ನು ಕಡಿದಿದೆ. ಕುದಿಸಿದ ಹಿಟ್ಟಿನಲ್ಲಿ ಆ ಕಿಣ್ವದ ಆಕಾರ ಕೆಟ್ಟು ಅದು ನಿಷ್ಕ್ರಿಯವಾಗಿದೆ. ಎಳೆ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರವಿದೆ. ಮಗು ನುಂಗುವಷ್ಟು ತೆಳು ಮಾಡಲು ಗಂಜಿಗೆ ನೀರು ಬೆರೆಸುತ್ತ ಹೋದರೆ ಹೊಟ್ಟೆ ತುಂಬುತ್ತದೆ, ಪೋಷಣೆ ದಕ್ಕುವುದಿಲ್ಲ. ಮೊಳಕೆ ಹಿಟ್ಟು ಬಳಸಿದರೆ ಅದೇ ತೆಳುವಿನ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ಧಾನ್ಯದ ಶಿಶು ಆಹಾರದ ಬಗ್ಗೆ ನಡೆಸಿದ ಅಧ್ಯಯನಗಳ ತಿರುಳು ಇದೇ. ನಮ್ಮ ಮನೆಗಳಲ್ಲಿ ಹೆಂಗಸರು ಮೊದಲಿನಿಂದಲೂ ಮಾಡಿಕೊಂಡು ಬಂದ ಪದ್ಧತಿಯ ಹಿಂದಿರುವ ರಸಾಯನವನ್ನು ಪ್ರಯೋಗಾಲಯ ಹೀಗೆ ಅಳೆದು ತೋರಿಸಿತು. ಇದು ನನಗೆ ಬಹಳ ಬೆಲೆಯುಳ್ಳ ಕೆಲಸವಾಗಿ ಕಾಣುತ್ತದೆ.

ಆಕಾರ ಕೆಟ್ಟರೆ ಕೆಲಸ ನಿಲ್ಲುತ್ತದೆ ಎಂದೆ. ಪ್ರೋಟೀನಿನ ಸರಪಳಿ ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡಾಗ, ಸಾಲಿನಲ್ಲಿ ದೂರದೂರವಿದ್ದ ಅಮೈನೋ ಆಮ್ಲಗಳು ಒಂದೆಡೆ ಬಂದು ಕಿಣ್ವದ ಕೆಲಸದ ತಾಣ ರೂಪುಗೊಳ್ಳುತ್ತದೆ. ಈ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಿರುಗಲಾರದು ಎಂಬುದರ ನಕ್ಷೆಯನ್ನು 1963ರಲ್ಲಿ ಮದರಾಸಿನಿಂದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಮಟ್ಟದ ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ರಚನೆಯನ್ನು ಹೊಸದಾಗಿ ಕಂಡುಕೊಂಡವರು ಅದು ಸರಿಯಿದೆಯೇ ಎಂದು ನೋಡಲು ಇಂದಿಗೂ ರಾಮಚಂದ್ರನ್ ನಕ್ಷೆಗೆ ಹೋಲಿಸಿ ಪರೀಕ್ಷಿಸುತ್ತಾರೆ.

ಇನ್ನು ಮೂರನೆಯ ಭಾಗ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಬರಿಯ ವೇಗದಿಂದ ಜೀವ ನಡೆಯುವುದಿಲ್ಲ. ಜೀವಕೋಶದ ಎಲ್ಲ ಕ್ರಿಯೆಗಳೂ ಒಟ್ಟಿಗೆ ಪೂರ್ತಿ ವೇಗದಲ್ಲಿ ನಡೆದರೆ ಅದು ಬೇಗನೆ ಸಮತೋಲನಕ್ಕೆ ಬಂದು ನಿಲ್ಲುತ್ತದೆ, ಮತ್ತು ಜೀವಕೋಶಕ್ಕೆ ಸಮತೋಲನವೆಂದರೆ ಸಾವು. ನಡೆಯಬಾರದ ಕ್ರಿಯೆ ನಡೆಯದೆ ಇರುವುದೂ ನಡೆಯಬೇಕಾದದ್ದು ನಡೆಯುವಷ್ಟೇ ಅಗತ್ಯ. ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿಯನ್ನೇ ನೋಡಿ. 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಮನ್, ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಆಂಧ್ರದ ಭೀಮವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಪ್ರತ್ಯೇಕವಾಗಿ ಕಂಡುಹಿಡಿದ ಅಣು ಇದು. ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿ ಕಾಲು ಕಿಲೋ ಮೀರುವುದಿಲ್ಲ. ಅದೇ ಮತ್ತೆ ಮತ್ತೆ ಒಡೆದು ಮತ್ತೆ ಮತ್ತೆ ಕೂಡಿಕೊಂಡು, ದಿನದ ಲೆಕ್ಕದಲ್ಲಿ ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟಾಗುತ್ತದೆ. ಎಟಿಪಿಯ ಕೊಂಡಿ ಮುರಿದಾಗ ಅದರೊಳಗೆ ತುಂಬಿದ್ದ ಶಕ್ತಿ ಚಿಮ್ಮುತ್ತದೆ ಎಂದು ಉತ್ತರ ಪತ್ರಿಕೆಗಳಲ್ಲಿ ಬರೆಯುತ್ತಾರೆ; ಅದು ತಪ್ಪು. ಯಾವ ಕೊಂಡಿಯನ್ನು ಮುರಿಯಲಿಕ್ಕೂ ಶಕ್ತಿ ಬೇಕು. ಎಟಿಪಿ ಮತ್ತು ನೀರಿಗಿಂತ ಅವುಗಳಿಂದ ಉಂಟಾಗುವ ವಸ್ತುಗಳು ಹೆಚ್ಚು ಸ್ಥಿರ, ಆ ವ್ಯತ್ಯಾಸವೇ ನಮಗೆ ಒದಗುವ ಶಕ್ತಿ. ಇದಕ್ಕಿಂತ ಸ್ವಾರಸ್ಯದ ಸಂಗತಿ ಬೇರೊಂದಿದೆ. ಶಕ್ತಿಯ ಲೆಕ್ಕದಲ್ಲಿ ಎಟಿಪಿ ನೀರಿನೊಂದಿಗೆ ಕೂಡಿ ಒಡೆಯಬೇಕು. ಆದರೂ ಕಿಣ್ವವಿಲ್ಲದ ನೀರಿನಲ್ಲಿ ಅದು ಒಡೆಯದೆ ಬಹುಕಾಲ ಉಳಿಯುತ್ತದೆ. ಅದರ ಉಪಯುಕ್ತತೆ ಇರುವುದು ಈ ನಿಧಾನದಲ್ಲಿ. ತಾನಾಗಿ ಒಡೆಯುವ ಅಣುವಾಗಿದ್ದರೆ ಅದರ ಶಕ್ತಿಯೆಲ್ಲ ಬರೀ ಶಾಖವಾಗಿ ಪೋಲಾಗುತ್ತಿತ್ತು. ಕಿಣ್ವ ಅನುಮತಿ ಕೊಟ್ಟಾಗ, ಕಿಣ್ವ ತೋರಿದ ಕೆಲಸಕ್ಕೆ ಮಾತ್ರ ಅದು ಖರ್ಚಾಗುತ್ತದೆ.

ಜೀವಕೋಶ ಕಿಣ್ವಗಳನ್ನು ಏರಿಸಿ ಇಳಿಸುವ ಬಗೆ ಹಲವು. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವವಿದೆ. ಕೋಶದಲ್ಲಿ ಎಟಿಪಿ ಸಾಕಷ್ಟಿದ್ದಾಗ ಎಟಿಪಿಯೇ ಅದಕ್ಕೆ ಅಂಟಿಕೊಂಡು ಅದನ್ನು ಮಂದಗೊಳಿಸುತ್ತದೆ. ಎಟಿಪಿ ಖರ್ಚಾಗಿ, ಅದರಿಂದ ಉಳಿಯುವ ಎಎಂಪಿ ಹೆಚ್ಚಾದಾಗ ಕಿಣ್ವ ಮತ್ತೆ ಚುರುಕಾಗುತ್ತದೆ. ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಬ್ಯಾಕ್ಟೀರಿಯಾದಲ್ಲಿ ಸಾಕಷ್ಟು ಸೇರಿದಾಗ, ಅದರ ತಯಾರಿಕೆಯ ದಾರಿಯ ಆರಂಭದ ಕಿಣ್ವವನ್ನು ಅದೇ ತಡೆಯುತ್ತದೆ ಎಂದು ಎಡ್ವಿನ್ ಅಂಬರ್ಗರ್ 1956ರಲ್ಲಿ ತೋರಿಸಿದ. ತಡೆಯುವ ಅಣು ಕಿಣ್ವದ ಕೆಲಸದ ತಾಣಕ್ಕಲ್ಲದೆ ಬೇರೆ ಜಾಗಕ್ಕೆ ಅಂಟಿ ಕಿಣ್ವದ ಆಕಾರವನ್ನೇ ಬದಲಿಸಬಲ್ಲದು ಎಂಬ ಸಿದ್ಧಾಂತವನ್ನು 1960ರ ದಶಕದಲ್ಲಿ ಮೋನೋ ಮತ್ತು ಅವರ ಸಂಗಡಿಗರು ಕಟ್ಟಿದರು.

ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದು ನಮ್ಮ ಹಳ್ಳಿಗಳ ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತು. ನರ ಸ್ನಾಯುವಿಗೆ ಸಂದೇಶ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ಅಣುವನ್ನು ಬಿಡುಗಡೆ ಮಾಡುತ್ತದೆ. ಸಂದೇಶ ಮುಟ್ಟಿದ ಮರುಗಳಿಗೆಯೇ ಆ ಅಣುವನ್ನು ಅಳಿಸಬೇಕು. ಅದು ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಕೆಲಸ. ಬೆಳೆಗೆ ಸಿಂಪಡಿಸುವ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಈ ಕಿಣ್ವದ ಕೆಲಸದ ತಾಣದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಬಿಡುತ್ತವೆ. ಅಳಿಸುವವರಿಲ್ಲದೆ ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸೂಜಿಮೊನೆಯಷ್ಟಾಗುವ ಕಣ್ಣಪಾಪೆ, ಅದುರುವ ಸ್ನಾಯು, ಕೊನೆಗೆ ಉಸಿರಾಟದ ಸೋಲು. ವೈದ್ಯರು ಅಟ್ರೊಪಿನ್ ಕೊಟ್ಟು ಸಂದೇಶದ ಅಬ್ಬರವನ್ನು ತಡೆಯುತ್ತಾರೆ, ಪ್ರಾಲಿಡಾಕ್ಸಿಮ್ ಕೊಟ್ಟು ಕಿಣ್ವವನ್ನು ಬಿಡಿಸಲು ನೋಡುತ್ತಾರೆ. ಹೊತ್ತು ಕಳೆದಂತೆ ವಿಷದ ಬೆಸುಗೆ ಗಟ್ಟಿಯಾಗಿ ಪ್ರಾಲಿಡಾಕ್ಸಿಮ್ ಕೆಲಸ ಮಾಡದಂತಾಗುತ್ತದೆ. ಕೂಡಲೇ ಆಸ್ಪತ್ರೆಗೆ ಸಾಗಿಸಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಸಾವಿರಾರು ಕಿಣ್ವಗಳಲ್ಲಿ ಒಂದರ ವೇಗ ಸೊನ್ನೆಯಾದರೆ ಇಷ್ಟು. ಹುಟ್ಟಿನಿಂದಲೇ ಒಂದು ಕಿಣ್ವ ದುರ್ಬಲವಾಗಿರುವ ಉದಾಹರಣೆಗಳೂ ಇವೆ. ಫೆನಿಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಪರಿವರ್ತಿಸುವ ಕಿಣ್ವ ದುರ್ಬಲವಾಗಿರುವ ಫೆನಿಲ್‌ಕಿಟೋನ್ಯೂರಿಯಾ ಎಂಬ ಸ್ಥಿತಿಯನ್ನು 1934ರಲ್ಲಿ ನಾರ್ವೆಯ ಫೋಲಿಂಗ್ ಗುರುತಿಸಿದ. ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಅದನ್ನು ಪತ್ತೆಹಚ್ಚಿ, ಫೆನಿಲ್‌ಅಲನಿನ್ ಕಡಿಮೆಯಿರುವ ಆಹಾರ ಕೊಟ್ಟು, ಮಗುವಿನ ಮಿದುಳನ್ನು ಉಳಿಸಿಕೊಳ್ಳಬಹುದು.

ಇನ್ನು ಆಕ್ಷೇಪಗಳು. ಜೀವದ ಗುಟ್ಟು ಇರುವುದು ಡಿಎನ್‌ಎಯ ಮಾಹಿತಿಯಲ್ಲಿ, ಕಿಣ್ವಗಳು ಅದರ ಆಳುಗಳು ಮಾತ್ರ ಎನ್ನುವುದು ಮೊದಲನೆಯದು. ಈ ಮಾತಿನಲ್ಲಿ ಸತ್ಯವಿದೆ: ಕಿಣ್ವಗಳ ರಚನೆಯ ವಿವರ ಡಿಎನ್‌ಎಯಲ್ಲೇ ಇದೆ. ಆದರೆ ಡಿಎನ್‌ಎ ತಾನಾಗಿ ಏನನ್ನೂ ಮಾಡುವುದಿಲ್ಲ. ಅದನ್ನು ಓದುವುದು, ನಕಲು ಮಾಡುವುದು, ದುರಸ್ತಿ ಮಾಡುವುದು ಎಲ್ಲವೂ ಕಿಣ್ವಗಳ ಕೆಲಸವೇ. ನಕಲು ಮಾಡುವಾಗ ತಪ್ಪು ಅಕ್ಷರ ಸೇರಿದರೆ ಕಿಣ್ವದ ಮುಂದಿನ ಹೆಜ್ಜೆ ನಿಧಾನವಾಗುತ್ತದೆ, ಆ ಬಿಡುವಿನಲ್ಲಿ ತಪ್ಪನ್ನು ಕತ್ತರಿಸಿ ಹಾಕಲು ಅವಕಾಶ ಸಿಗುತ್ತದೆ. ಇದರ ಜೊತೆಗೆ ದುರಸ್ತಿಯ ವ್ಯವಸ್ಥೆಗಳೂ ಸೇರಿ, ಕೊನೆಗೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಗಳಿಗೆ ಒಂದರ ಆಸುಪಾಸು. ಡಿಎನ್‌ಎ ಮಾಹಿತಿಯನ್ನು ಕಾಪಾಡಬಲ್ಲದ್ದೂ ಅದರ ಫಾಸ್ಫೇಟ್ ಕೊಂಡಿಗಳು ನೀರಿನಿಂದ ತಾವಾಗಿ ಕಡಿಯಲು ಕೋಟ್ಯಂತರ ವರ್ಷ ಹಿಡಿಯುವುದರಿಂದ. ಮಾಹಿತಿಯ ನಿಖರತೆಯೂ ಬಾಳಿಕೆಯೂ ಕೊನೆಗೆ ವೇಗದ ಪ್ರಶ್ನೆಗಳೇ.

ಎರಡನೆಯ ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು. ಒಣ ಬೀಜದಲ್ಲಿ ರಾಸಾಯನಿಕ ಕ್ರಿಯೆಗಳು ಬಹುತೇಕ ನಿಂತೇ ಹೋಗಿರುತ್ತವೆ, ಆದರೂ ಅದು ಜೀವಂತ. ಇಸ್ರೇಲಿನ ಮಸಾಡ ಕೋಟೆಯಲ್ಲಿ ಸಿಕ್ಕಿದ, ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಮರವಾಯಿತು. ವೇಗವೇ ಇಲ್ಲದಲ್ಲಿ ವೇಗದ ಹಿಡಿತ ಎಲ್ಲಿಂದ ಬಂತು? ಬೀಜ ಒಣಗುವಾಗ ಕ್ರಿಯೆಗಳು ಅಸ್ತವ್ಯಸ್ತವಾಗಿ ನಿಲ್ಲುವುದಿಲ್ಲ ಎಂಬುದರಲ್ಲಿ ಉತ್ತರವಿದೆ. ವಿಶೇಷ ಸಕ್ಕರೆಗಳೂ ಪ್ರೋಟೀನುಗಳೂ ಸೇರಿಕೊಂಡು ಕೋಶದ ಒಳಗನ್ನು ಗಾಜಿನಂತೆ ಗಟ್ಟಿಗೊಳಿಸುತ್ತವೆ. ಕೆಲವು ಕಿಣ್ವಗಳು ಸಿದ್ಧವಾಗಿ ತಮ್ಮ ತಮ್ಮ ಜಾಗದಲ್ಲಿರುತ್ತವೆ, ಉಳಿದವನ್ನು ತಯಾರಿಸುವ ಏರ್ಪಾಡೂ ಇರುತ್ತದೆ. ನೀರು ತಾಗಿದಾಗ ಕ್ರಿಯೆಗಳು ಒಂದು ಕ್ರಮದಲ್ಲಿ ಶುರುವಾಗುತ್ತವೆ. ಅದೇ ನೀರು ತಾಗಿದರೆ ಸತ್ತ ಬೀಜ ಕೊಳೆಯುತ್ತದೆ. ಎರಡರಲ್ಲೂ ವಸ್ತುಗಳು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಕ್ರಮ ಉಳಿದಿದೆ, ಇನ್ನೊಂದರಲ್ಲಿ ಇಲ್ಲ. ಕ್ರಿಯೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡಬಲ್ಲ ಸಾಮರ್ಥ್ಯವನ್ನು ನನ್ನ ವಾದಕ್ಕೆ ಅಪವಾದವೆಂದು ಎಣಿಸದೆ, ಆ ಹಿಡಿತದ ತುತ್ತತುದಿಯೆಂದು ಎಣಿಸುತ್ತೇನೆ.

ಬುಕ್ನರನ ರಸದಲ್ಲಿ ಹುದುಗುವಿಕೆ ನಡೆಯಿತು, ಹಾಗಾದರೆ ಆ ರಸ ಜೀವಂತವೇ ಎಂದೂ ಕೇಳಬಹುದು. ಅಲ್ಲ, ಏಕೆ ಅಲ್ಲ ಎಂಬುದನ್ನು ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಕಂಡ ಒಂದು ಸಂಗತಿ ವಿವರಿಸುತ್ತದೆ. ಯೀಸ್ಟಿನ ರಸದಲ್ಲಿ ಹುದುಗುವಿಕೆ ಸ್ವಲ್ಪ ಹೊತ್ತಿಗೆ ಮಂದವಾಗುತ್ತಿತ್ತು. ಫ್ರಕ್ಟೋಸ್‌ಗೆ ಎರಡು ಫಾಸ್ಫೇಟ್ ಅಂಟಿದ ಸಂಯುಕ್ತವೊಂದು ಅದರಲ್ಲಿ ರಾಶಿಬೀಳುತ್ತಿತ್ತು. ಬದುಕಿರುವ ಯೀಸ್ಟಿನಲ್ಲಿ ಹಾಗಾಗುವುದಿಲ್ಲ. ಮುಂದೆ ತಿಳಿದುಬಂದ ಕಾರಣ ಇದು: ಬದುಕಿರುವ ಕೋಶ ತಾನು ತಯಾರಿಸಿದ ಎಟಿಪಿಯನ್ನು ಬೆಳೆಯಲು, ಲವಣಗಳನ್ನು ಸಾಗಿಸಲು ಖರ್ಚು ಮಾಡುತ್ತಲೇ ಇರುತ್ತದೆ. ಹಿಂಡಿದ ರಸದಲ್ಲಿ ಆ ಖರ್ಚಿಲ್ಲ. ಎಟಿಪಿ ಒಡೆಯುವ ಕಿಣ್ವವನ್ನು ಹೊರಗಿನಿಂದ ಸೇರಿಸಿದರೆ ಹುದುಗುವಿಕೆ ಮತ್ತೆ ಚೇತರಿಸಿಕೊಳ್ಳುತ್ತದೆ. ರಸದಲ್ಲಿ ಕಿಣ್ವಗಳಿದ್ದವು, ಅವುಗಳ ವೇಗಗಳನ್ನು ಒಂದಕ್ಕೊಂದು ಹೊಂದಿಸುವ ಕೋಶ ಇರಲಿಲ್ಲ.

ಕಿಣ್ವಗಳೆಲ್ಲ ಪ್ರೋಟೀನು ಎಂಬ, ಸಮ್ನರನ ಕೆಲಸದಿಂದ ಹುಟ್ಟಿದ ತೀರ್ಮಾನಕ್ಕೂ 1980ರ ದಶಕದಲ್ಲಿ ತಿದ್ದುಪಡಿ ಬಂತು. ಆರ್‌ಎನ್‌ಎ ಕೂಡ ಕಿಣ್ವದಂತೆ ಕೆಲಸ ಮಾಡಬಲ್ಲದೆಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ತೋರಿಸಿದರು. ಅಮೈನೋ ಆಮ್ಲಗಳನ್ನು ಬೆಸೆದು ಪ್ರೋಟೀನು ಕಟ್ಟುವ ರೈಬೋಸೋಮಿನಲ್ಲಿ ಬೆಸುಗೆಯ ತಾಣ ಆರ್‌ಎನ್‌ಎಯಿಂದಲೇ ಆಗಿದೆ ಎಂಬುದು 2000ದ ಹೊತ್ತಿಗೆ ಖಚಿತವಾಯಿತು. ರೈಬೋಸೋಮಿನ ರಚನೆಗಾಗಿ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ವಸ್ತು ಯಾವುದಾದರೂ ಆಗಬಹುದು, ಕೆಲಸ ಮಾತ್ರ ಅದೇ ಎಂಬುದು ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕೊನೆಯ ಆಕ್ಷೇಪ ಅಧ್ಯಾಪಕರದು. ಹೊಸ ವಿದ್ಯಾರ್ಥಿ ಮೊದಲು ಕಿಣ್ವಗಳ ಹೆಸರು, ಚಯಾಪಚಯದ ನಕ್ಷೆ ಕಲಿಯಲಿ, ವೇಗದ ಗಣಿತ ಆಮೇಲೆ ಬರಲಿ ಎಂಬುದು ಅವರ ಅಭಿಪ್ರಾಯ. ಹೆಸರುಗಳಿಲ್ಲದೆ ಮಾತಾಡಲಾಗದು, ಒಪ್ಪುತ್ತೇನೆ. ಆದರೆ ಬರೀ ನಕ್ಷೆಯಲ್ಲಿ ಎಲ್ಲ ಬಾಣಗಳೂ ಒಂದೇ ಉದ್ದ, ಒಂದೇ ದಪ್ಪ. ಯಾವ ಕ್ರಿಯೆ ವೇಗದ್ದು, ಯಾವುದರ ಮೇಲೆ ಕಡಿವಾಣವಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದನ್ನು ಅಳೆದೇ ತಿಳಿಯಬೇಕು. 1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಕೆನಡಾದಿಂದ ಅಲ್ಲಿಗೆ ಬಂದಿದ್ದ ವೈದ್ಯೆ ಮಾಡ್ ಮೆಂಟನ್, ಯೀಸ್ಟಿನ ಇನ್ವರ್ಟೇಸ್ ಕಿಣ್ವ ಸಕ್ಕರೆಯನ್ನು ಒಡೆಯುವ ವೇಗವನ್ನು ಅಳೆದರು. ಸಕ್ಕರೆ ಒಡೆದಂತೆ ಅದರ ದ್ರಾವಣ ಧ್ರುವೀಕೃತ ಬೆಳಕನ್ನು ತಿರುಗಿಸುವ ಕೋನ ಬದಲಾಗುತ್ತದೆ. ಆ ಕೋನವನ್ನು ಪೋಲಾರಿಮೀಟರಿನಲ್ಲಿ ಓದಿ, ಬೇರೆ ಬೇರೆ ಪ್ರಮಾಣದ ಸಕ್ಕರೆಗೆ ಆರಂಭದ ವೇಗ ಎಷ್ಟೆಂದು ಗುರುತು ಹಾಕಿಕೊಂಡರು. ಸಕ್ಕರೆ ಹೆಚ್ಚಿಸಿದಂತೆ ವೇಗ ಮೊದಲು ಏರಿ, ಆಮೇಲೆ ಒಂದು ಮಿತಿಯಲ್ಲಿ ನಿಲ್ಲತೊಡಗಿತು. ಕಿಣ್ವದ ಅಣುಗಳೆಲ್ಲ ಕೆಲಸದಲ್ಲಿ ತೊಡಗಿದ ಮೇಲೆ ಇನ್ನಷ್ಟು ಸಕ್ಕರೆ ಹಾಕಿ ಫಲವಿಲ್ಲ. ಪ್ರತಿ ಜೀವರಸಾಯನ ಪುಸ್ತಕದಲ್ಲೂ ಬರುವ ಆ ವಕ್ರರೇಖೆ ಮತ್ತು ಸಮೀಕರಣ ಈ ಅಳತೆಗಳಿಂದ ಹುಟ್ಟಿದ್ದು. ಅದಕ್ಕೆ ಬೇಕಾದ ಯೀಸ್ಟ್ ಬೇಕರಿಯ ಅಂಗಡಿಯಲ್ಲಿ ಸಿಗುತ್ತದೆ, ಸಕ್ಕರೆ ಎಲ್ಲೆಡೆ ಇದೆ, ಪೋಲಾರಿಮೀಟರ್ ನಮ್ಮ ಅನೇಕ ಪದವಿ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದೆ. ಮೊದಲ ವರ್ಷದ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ವಾರದಲ್ಲಿ ಒಂದು ಮಧ್ಯಾಹ್ನ ಆ ಬಾಗಿಲನ್ನು ತೆರೆದುಕೊಡಿ ಎಂದು ಭೌತಶಾಸ್ತ್ರ ವಿಭಾಗದ ಅಧ್ಯಾಪಕ ಮಿತ್ರರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.